ಉಪ್ಪಿನ ವಾಸನೆ

ಪ್ರತಿ ಸೆಮಿಸ್ಟರಿನ ಶುರುವಿನಲ್ಲಿ ಒಂದು ದಿನ ನಾನು ಕ್ಲಾಸಿಗೆ ಒಂದು ಡಬ್ಬಿ ಸಾರಿನ ಪುಡಿ ತೆಗೆದುಕೊಂಡು ಹೋಗುತ್ತೇನೆ. ಅಡುಗೆಯ ಕ್ಲಾಸಲ್ಲ, ತತ್ವಶಾಸ್ತ್ರದ ಕ್ಲಾಸು. ವರ್ಜೀನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ಮೇಡಂ. ಹಗಲೆಲ್ಲ ಗೋದಾಮಿನಲ್ಲೋ ಏರ್‌ಪೋರ್ಟಿನಲ್ಲೋ ದುಡಿದು ಸಂಜೆ ಓದಲು ಬರುವ ಮಕ್ಕಳಿಗೆ, ಮುನ್ನೂರು ನಾನೂರು ವರ್ಷಗಳ ಹಿಂದೆ ಯುರೋಪಿನ ಮಹನೀಯರು ಮನುಷ್ಯ ಎಂದರೆ ಯಾರು, ಅರಿವು ಎಂದರೇನು, ಜಗತ್ತು ನಿಜವಾಗಿ ಹೇಗಿದೆ ಎಂದು ತಲೆ ಕೆಡಿಸಿಕೊಂಡ ಕಥೆಯನ್ನು ಹೇಳುವುದು ನನ್ನ ಕೆಲಸ. ಆ ಮಹನೀಯರಲ್ಲಿ ಕೆಲವರ ಪ್ರಕಾರ ಗಾತ್ರ, ಆಕಾರ, ಚಲನೆ ಇವಷ್ಟೇ ವಸ್ತುವಿನಲ್ಲಿ ನಿಜವಾಗಿ ಇರುವುದು. ಬಣ್ಣ, ರುಚಿ, ವಾಸನೆ ನಮ್ಮೊಳಗೆ ಹುಟ್ಟುವಂಥವು. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ. ಹಿಂದಿನ ಸಾಲಿನಲ್ಲಿ ಫೋನು ನೋಡುತ್ತ ಕೂತವನೂ ತಲೆ ಎತ್ತುತ್ತಾನೆ. "ವಾಸನೆ ಎಲ್ಲಿದೆ? ಡಬ್ಬಿಯಲ್ಲೋ, ನಿನ್ನಲ್ಲೋ?" ಎಂದು ಕೇಳಿ ನಾನು ಕುರ್ಚಿಯಲ್ಲಿ ಕೂತುಬಿಡುತ್ತೇನೆ. ಆಮೇಲೆ ಅವರವರೇ ಜಗಳವಾಡುತ್ತಾರೆ. ಕೊನೆಯಲ್ಲಿ ಎದ್ದು, "ಮೂಗೇ ಇಲ್ಲದ ಜಗತ್ತಿನಲ್ಲಿ ಈ ಡಬ್ಬಿಯೊಳಗೆ ಇರುವುದು ಬರೀ ಕಂದು ಧೂಳು" ಎಂದು ಜಂಬದಿಂದ ಮುಗಿಸುತ್ತಿದ್ದೆ.

ಆ ಮಾತು ಯಾವ ದೇವರ ಕಿವಿಗೆ ಬಿತ್ತೋ ಕಾಣೆ. ೨೦೨೧ರ ಜನವರಿಯಲ್ಲಿ ನನಗೆ ಕೋವಿಡ್ ಬಂತು. ಜ್ವರ ಬಂತು, ಹೋಯಿತು. ಕೆಮ್ಮು ಬಂತು, ಹೋಯಿತು. ಒಂದು ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟರೆ ಬಿಸಿನೀರು ಕುಡಿದಂತಾಯಿತು. ಇಂಗಿನ ಡಬ್ಬಿಯೊಳಗೆ ಮೂಗು ತುರುಕಿದೆ. ಏನೂ ಇಲ್ಲ. ಕರ್ಪೂರ ಮೂಸಿದೆ. ಏನೂ ಇಲ್ಲ. ಕೆಲವು ದಿನಗಳಲ್ಲಿ ನಾಲಿಗೆಗೆ ಉಪ್ಪು, ಹುಳಿ, ಖಾರದ ಉರಿ ಮಂಕುಮಂಕಾಗಿ ತಿಳಿಯತೊಡಗಿತು. ಮೂಗು ಮಾತ್ರ ತಿರುಗಿ ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಎಷ್ಟೋ ಜನರಿಗೆ ಹೀಗಾಗಿದೆ, ಹೇಳಿಕೊಂಡರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ನಮ್ಮ ಅಡುಗೆಮನೆಯ ಪದ್ಧತಿ ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಮೈಸೂರಿನಲ್ಲಿ ಅಮ್ಮ ಅಡುಗೆ ಮಾಡುವಾಗ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸುತ್ತಿರಲಿಲ್ಲ. ದೇವರ ಮುಂದೆ ಇಡುವ ಮೊದಲು ರುಚಿ ನೋಡಿದರೆ ಎಂಜಲಾಯಿತು. ಉಪ್ಪು ಸರಿಯಿದೆಯೇ ಎಂದು ತಿಳಿಯಲು ಕುದಿಯುವ ಸಾರಿನ ಮೇಲೆ ಬಾಗಿ, ಅಂಗೈಯಿಂದ ಹಬೆಯನ್ನು ಮೂಗಿನತ್ತ ಎಳೆದುಕೊಳ್ಳುತ್ತಿದ್ದಳು. "ಇನ್ನು ಚೂರು ಹಾಕು" ಎನ್ನುತ್ತಿದ್ದಳು, ಅಥವಾ "ಸಾಕು". ಒಂದು ದಿನವೂ ತಪ್ಪಿದ್ದಿಲ್ಲ. ಆಸ್ತಿ ಅಂತ ಅವಳು ನನಗೆ ಬಿಟ್ಟುಹೋದದ್ದು ಆ ಮೂಗೊಂದೇ. ಅದೂ ಹೋಯಿತು ಎಂದು ಯಾವ ಬಾಯಲ್ಲಿ ಹೇಳಲಿ?

ಹಾಗಾಗಿ ಕಣ್ಣು, ಕಿವಿ, ಅಳತೆಯ ಚಮಚ ನಂಬಿಕೊಂಡು ಅಡುಗೆ ನಡೆಸಿದೆ. ಸಾಸಿವೆ ಸಿಡಿಯುವುದು ಕೇಳಿಸುತ್ತದೆ, ಕರಿಬೇವು ಬಾಡುವುದು ಕಾಣಿಸುತ್ತದೆ. ಸಾರಿನ ಪುಡಿ ಮಾಡುವಾಗ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಮೆಂತ್ಯ ಒಂದು ಕ್ಷಣ ಹೆಚ್ಚಾದರೆ ಇಡೀ ಪುಡಿ ಕಹಿ. ಆ ಹೆದರಿಕೆಗೆ ಅರ್ಧಂಬರ್ಧ ಹುರಿದು ಇಳಿಸಿಬಿಡುತ್ತಿದ್ದೆ. ನನ್ನ ಗಂಡ ರಘುನಾಥ ಏನೂ ಅನ್ನಲಿಲ್ಲ. ಇವರು ಯಾವತ್ತು ಅಂದಿದ್ದಾರೆ! ಹತ್ತಿರದ ಸ್ಟರ್ಲಿಂಗ್ ಊರಿನ ಒಂದು ಡೇಟಾ ಸೆಂಟರಿನಲ್ಲಿ ಇಂಜಿನಿಯರು. ಅಲ್ಲಿನ ಯಂತ್ರಗಳಾದರೂ ಗುಂಯ್ ಎನ್ನುತ್ತವೆ, ಇವರು ಅದೂ ಇಲ್ಲ. ಮದುವೆಯಾದ ಮೇಲೆ ನನ್ನ ಅಡುಗೆಯ ಬಗ್ಗೆ ಇವರು ಹೇಳಿರುವ ಒಟ್ಟು ಮಾತು "ಹೂಂ".

ಗುಟ್ಟು ಒಡೆದದ್ದು ಮೇ ತಿಂಗಳಲ್ಲಿ. ಎಲ್ಲರಿಗೂ ಲಸಿಕೆ ಆಗಿತ್ತು. ವರ್ಷದ ಮೇಲಾದ ನಂತರ ಮನೆಗೆ ಬಂದ ಮೊದಲ ಅತಿಥಿ ನಳಿನಿ ಆಂಟಿ. ಎಂಬತ್ತು ದಾಟಿದ ಡಾಕ್ಟರು. ನಾವೆಲ್ಲ ಹುಟ್ಟುವ ಹೊತ್ತಿಗೇ ಈ ದೇಶಕ್ಕೆ ಬಂದು, ಆಪರೇಷನ್ನಿಗೆ ಮೊದಲು ಅನಸ್ತೇಶಿಯಾ ಕೊಡುವ ಕೆಲಸ ಮಾಡಿ ರಿಟೈರ್ ಆದವರು. ನದಿಯಾಚೆ ಮೇರಿಲ್ಯಾಂಡಿನಲ್ಲಿ ಅವರ ಮನೆ. ಬಾಗಿಲಲ್ಲೇ ಅಪ್ಪಿಕೊಂಡು ಇಬ್ಬರೂ ಸ್ವಲ್ಪ ಅತ್ತೆವು. ಆಮೇಲೆ ಊಟಕ್ಕೆ ಕೂರಿಸಿದೆ. ಅವತ್ತು ಸಾರು ಬಹಳ ಚೆನ್ನಾಗಿ ನೊರೆ ಬಂದಿತ್ತು. ಬೇಳೆ ಕಟ್ಟು ಒಳ್ಳೆಯದಿದೆ ಎಂದು ಒಳಗೊಳಗೇ ಖುಷಿಪಟ್ಟೆ.

ಆಂಟಿ ಒಂದು ಚಮಚ ಕುಡಿದರು. ಇನ್ನೊಂದು ಕುಡಿದರು. ಮೂರನೆಯದನ್ನು ಬಾಯಲ್ಲಿ ಇಟ್ಟುಕೊಂಡು ನನ್ನ ಮುಖ ನೋಡಿದರು, ನುಂಗಿದರು, ಚಮಚ ಕೆಳಗಿಟ್ಟರು.

"ಕಾತ್ಯಾಯಿನಿ, ನಿನಗೆ ಸ್ಮೆಲ್ ಹೋಗಿ ಎಷ್ಟು ದಿನ ಆಯ್ತು?"

"ಏನ್ ಆಂಟಿ, ಯಾವ ಸ್ಮೆಲ್ಲು?"

"ಸುಮ್ನಿರೇ. ಈ ಸಾರಲ್ಲಿ ನಾನು ತಲೆ ತೊಳ್ಕೋಬಹುದು."

ನಮ್ಮ ಮಗಳು ನಿಧಿ ತನ್ನ ಬಟ್ಟಲನ್ನು ಮೂಸಿ ನೋಡಿ ಚೀರಿದಳು. "ಓ ಮೈ ಗಾಡ್, ಅಮ್ಮ! ದಿಸ್ ಈಸ್ ಮೈ ಹೇರ್ ಪೌಡರ್!"

ನಮ್ಮ ಮನೆಗಳ ಡಬ್ಬಿಗಳ ಸಂಗತಿ ನಿಮಗೆ ಗೊತ್ತೇ ಇದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಐಸ್‌ಕ್ರೀಮ್ ಇದ್ದರೆ ಅದು ನಮ್ಮ ಮನೆಯೇ ಅಲ್ಲ. ಮೊಸರಿನ ಡಬ್ಬಿಯಲ್ಲಿ ಕರಿಬೇವು, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಪೀನಟ್ ಬಟರ್ ಡಬ್ಬಿಯಲ್ಲಿ ಸಾರಿನ ಪುಡಿ. ಮೇಲಿನ ಚೀಟಿಯನ್ನು ಯಾರು ಓದುತ್ತಾರೆ, ಮುಚ್ಚಳ ತೆಗೆದರೆ ಮೂಗು ಹೇಳುತ್ತದೆ. ಆನ್‌ಲೈನ್ ಕಾಲೇಜು ಎಂದು ಮನೆಯಲ್ಲೇ ಇದ್ದ ನಿಧಿ ಕೂದಲಿನ ಆರೈಕೆ ಶುರುಮಾಡಿ, ಸೀಗೆಪುಡಿ ತಂದು, ತೊಳೆದಿಟ್ಟಿದ್ದ ಇನ್ನೊಂದು ಪೀನಟ್ ಬಟರ್ ಡಬ್ಬಿಗೆ ಸುರಿದಿದ್ದಳು. ಅದನ್ನು ಯಾರೋ ಅಡುಗೆಮನೆಯ ಕಪಾಟಿಗೆ ಸೇರಿಸಿದ್ದರು. ಎರಡೂ ಕಂದು ಧೂಳು. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು.

ಇವರ ಕಡೆ ನೋಡಿದೆ. ಬಟ್ಟಲು ಖಾಲಿ.

"ರೀ, ನೀವು ಹೇಗ್ರೀ ಕುಡಿದ್ರಿ ಇದನ್ನ?"

"ನನಗೇ ಕೋವಿಡ್ ಬಂದಿರ್ಬೇಕು ಅಂದ್ಕೊಂಡೆ," ಎಂದರು ಇವರು.

ಕಣ್ಣು ಕಿವಿಗಳನ್ನೂ ನಂಬಬೇಡ, ಎಲ್ಲವನ್ನೂ ಸಂಶಯದಿಂದ ನೋಡು ಎಂದು ಹೊರಟ ಒಬ್ಬ ಮಹನೀಯನ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತೇನೆ. ಆತ ಕೂಡ ಹೆಂಡತಿಯ ಸಾರನ್ನು ಸಂಶಯಿಸುವುದು ಬಿಟ್ಟು ತನ್ನ ನಾಲಿಗೆಯನ್ನೇ ಸಂಶಯಿಸುವ ಮಟ್ಟಕ್ಕೆ ಹೋಗಿರಲಿಲ್ಲ. ನಿಧಿ ಬಿದ್ದು ಬಿದ್ದು ನಕ್ಕಳು. ಆಂಟಿಯೂ ನಕ್ಕರು. ನಾನೂ ನಗಲು ಹೋದೆ, ಅದು ಅರ್ಧದಲ್ಲೇ ಅಳುವಾಯಿತು.

ಆಂಟಿ ನನ್ನನ್ನು ಮನೆಯ ಹಿಂದಿನ ಡೆಕ್‌ಗೆ, ಮರದ ಜಗಲಿಗೆ, ಕರೆದುಕೊಂಡು ಹೋಗಿ ಕೂರಿಸಿದರು.

"ಮೂಗಿಗೋಸ್ಕರ ಅಳೋದು ಸಿಲ್ಲಿ ಅಂತ ಗೊತ್ತು ಆಂಟಿ. ಎಷ್ಟೋ ಜನ ಜೀವಾನೇ ಕಳ್ಕೊಂಡ್ರು. ಆದ್ರೆ ಅಮ್ಮನ ಅಡುಗೆಮನೆ ನೆನೆಸ್ಕೊಂಡ್ರೆ ಚಿತ್ರ ಬರತ್ತೆ, ವಾಸನೆ ಬರಲ್ಲ. ನಾನು ನಾನೇ ಅಲ್ಲ ಅನ್ನಿಸ್ತಿದೆ." ಮನುಷ್ಯನ ನೆನಪು ಎಷ್ಟು ದೂರ ಹಿಂದಕ್ಕೆ ಹೋಗುತ್ತದೋ ಅಷ್ಟು ದೂರವೂ ಅವನು ಅದೇ ವ್ಯಕ್ತಿ ಎಂದು ಇನ್ನೊಬ್ಬ ಮಹನೀಯ ಹೇಳಿದ್ದನ್ನು ಅವರಿಗೆ ವಿವರಿಸಿದೆ. ಅಳುವಾಗಲೂ ಪಾಠ ಮಾಡುವ ಚಾಳಿ ನನ್ನದು.

ಆಂಟಿ ಪೂರ್ತಿ ಕೇಳಿಸಿಕೊಂಡರು. "ಅವನು ನಮ್ಮ ಆಸ್ಪತ್ರೆಗೆ ಬರ್ಬೇಕಿತ್ತು ಕಣೇ. ವರ್ಷಗಟ್ಟಲೆ ಜನರನ್ನ ಮಲಗಿಸಿ ಎಬ್ಬಿಸಿದೀನಿ. ಎದ್ದ ತಕ್ಷಣ ಕೆಲವ್ರಿಗೆ ಹೆಸರೂ ಬಾಯಿಗೆ ಬರ್ತಿರ್ಲಿಲ್ಲ. ಹೊರಗಡೆ ಕಾಯ್ತಾ ಕೂತಿದ್ದೋರಿಗೆ ಮಾತ್ರ ಅವರು ಯಾರು ಅಂತ ಚೆನ್ನಾಗಿ ಗೊತ್ತಿರ್ತಿತ್ತು. ಒಬ್ಬರನ್ನೂ ತಪ್ಪು ಮನೆಗೆ ಕಳ್ಸಿಲ್ಲ."

ಆಮೇಲೆ ತಾವು ಬಂದ ವಿಷಯ ಹೇಳಿದರು. ಮನೆ ಮಾರುತ್ತಿದ್ದಾರೆ. ಸೆಪ್ಟೆಂಬರ್ ಕೊನೆಗೆ ದೂರದ ಶಾರ್ಲಟ್‌ಗೆ, ಅಲ್ಲಿನ ಬ್ಯಾಲಂಟೈನ್ ಬಡಾವಣೆಯಲ್ಲಿರುವ ಮಗನ ಮನೆಗೆ ಹೋಗಿಬಿಡುತ್ತಾರೆ. "ಈ ಸಲದ ಗಣೇಶನ ಹಬ್ಬ ಆ ಮನೇಲಿ ಕೊನೇದು. ಯಾವಾಗ್ಲೂ ಥರ ಕಡುಬು ನಂದು, ಸಾರು ನಿಂದು."

"ನನ್ನ ಕೈಲಿ ಆಗಲ್ಲ ಆಂಟಿ. ಇವತ್ತು ನೋಡಿದ್ರಲ್ಲ."

"ಆಗಲ್ಲ ಅಂದ್ರೆ ಬಿಡು. ಹೋಟೆಲಿಂದ ತರಿಸೋಣ," ಎಂದರು, ಬೇಜಾರಿಲ್ಲದೆ.

ಅವರು ಬೈದಿದ್ದರೆ ಚೆನ್ನಾಗಿತ್ತು. ಆ ಮನೆಯ ಕೊನೆಯ ಹಬ್ಬಕ್ಕೆ ಪ್ಲಾಸ್ಟಿಕ್ ಡಬ್ಬಿಯ ಸಾರು! ನಾನು ಮದುವೆಯಾಗಿ ಈ ದೇಶಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ಮೈಸೂರಿನ ತತ್ವಶಾಸ್ತ್ರದ ಎಂ.ಎ. ಮತ್ತು ಕೆಲಸ ಮಾಡಲು ಬಿಡದ ವೀಸಾ. ಸಿಕ್ಕಿದವರೆಲ್ಲ ಕಂಪ್ಯೂಟರ್ ಕಲಿಯಿರಿ ಎನ್ನುತ್ತಿದ್ದರು. ಏನು ಓದಿದ್ದೀಯ ಎಂದು ಕೇಳಿ, ಉತ್ತರ ಕೇಳಿಯೂ ಮುಖ ಸೊಟ್ಟ ಮಾಡದವರು ನಳಿನಿ ಆಂಟಿ ಒಬ್ಬರೇ. "ಅದನ್ನೇ ಮುಂದುವರಿಸು, ನಿನಗೆ ಕಾರ್ ಬರಲ್ಲ ಅಷ್ಟೇ ಪ್ರಾಬ್ಲಮ್ಮು" ಎಂದು ಪ್ರತಿ ಭಾನುವಾರ ತಮ್ಮ ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿಸಿದರು. ನಾನು ಅವರ ಹೊಸ ಕಾರನ್ನು ದೀಪದ ಕಂಬಕ್ಕೆ ಗುದ್ದಿದೆ. "ಕಾರಿಗೆ ಇನ್ಶೂರೆನ್ಸ್ ಇದೆ, ರಿವರ್ಸ್ ತಗೋ" ಎಂದರಷ್ಟೇ. ಯೂನಿವರ್ಸಿಟಿಯ ಇಂಟರ್‌ವ್ಯೂ ದಿನ ಹಿಮ ಬಿದ್ದು ಇಡೀ ವಾಷಿಂಗ್ಟನ್ ಬಾಗಿಲು ಹಾಕಿಕೊಂಡಾಗ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ನನ್ನನ್ನು ಕರೆದುಕೊಂಡು ಹೋದರು. ನಾನು ಇವತ್ತು ಮೇಡಂ ಆಗಿರುವುದು ಅವರಿಂದ. ಇದಕ್ಕೆಲ್ಲ ನಾನು ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ್ದೇ ಇಲ್ಲ. ನಮ್ಮಲ್ಲಿ ಹೇಳುವುದಿಲ್ಲ, ಬಡಿಸುತ್ತೇವೆ. ಪ್ರತಿ ಗಣೇಶನ ಹಬ್ಬಕ್ಕೂ ಅವರ ಮನೆಗೆ ಹೋಗಿ ಸಾರು ಮಾಡುತ್ತಿದ್ದೆ. ನನ್ನ ಥ್ಯಾಂಕ್ಸ್ ಆ ಸಾರೇ ಆಗಿತ್ತು. ಈಗ ಅದನ್ನು ಕೊನೆಯ ಸಲ ಹೇಳುವ ದಿನ ಬಂದಿದೆ, ನನಗೆ ಬಾಯೇ ಕಟ್ಟಿದೆ.

ಆಂಟಿ ಹೊರಟ ಮೇಲೆ ನಿಧಿ ಬಂದು ನನ್ನ ಪಕ್ಕ ಕೂತಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ, ಕಳ್ಳಿ.

"ಅಮ್ಮ, ಐ ಹ್ಯಾವ್ ಅ ನೋಸ್. ಜಸ್ಟ್ ಯೂಸ್ ಇಟ್."

ಮಾರನೆಯ ದಿನವೇ ಬಾಣಲೆ ಇಟ್ಟೆ. ಬಾಣಲೆಯ ಈ ಕಡೆ ನಾನು, ಆ ಕಡೆ ಅವಳ ಮೂಗು. ಮೆಂತ್ಯ ಹಾಕಿದೆ.

"ವಾಸನೆ ಹೇಗಿದೆ?"

"ಗುಡ್."

"ಗುಡ್ ಅಂದ್ರೆ?"

"ಐ ಡೋಂಟ್ ನೋ... ನೈಸ್?"

ಅಷ್ಟರಲ್ಲಿ ಹೊಗೆಯ ಅಲಾರಂ ಕಿರುಚಿಕೊಂಡಿತು. ಮೆಂತ್ಯ ಇದ್ದಿಲಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ಸಾಕಿದೀನಿ, ನಿನ್ನ ಹತ್ರ ಇರೋದು ಎರಡೇ ಪದಾನೇನೇ? ಗುಡ್ಡು, ನೈಸು!"

"ಯೂ ನೆವರ್ ಟಾಟ್ ಮೀ ದ ವರ್ಡ್ಸ್!" ಎಂದು ಅವಳೂ ಕಿರುಚಿದಳು. ಕಿಟಕಿ ತೆಗೆದು ಪೇಪರಿನಿಂದ ಗಾಳಿ ಬೀಸುತ್ತ ಇಬ್ಬರೂ ಮುಖ ಊದಿಸಿಕೊಂಡು ನಿಂತೆವು.

ಅವಳು ಹೇಳಿದ್ದು ಸರಿ. ಕಲಿಸಲು ನನ್ನ ಹತ್ತಿರವಾದರೂ ಯಾವ ಪದಗಳಿವೆ? "ಹಸಿ ವಾಸನೆ ಹೋಗೋವರೆಗೆ ಹುರಿ" ಎನ್ನುತ್ತಿದ್ದಳು ಅಮ್ಮ. ಹಸಿ ವಾಸನೆ ಎಂದರೇನು ಎಂದು ಹೇಳಲಿಲ್ಲ. ನಾನು ಅವಳ ಪಕ್ಕ ನಿಂತಿದ್ದೆ, ಮೂಗಿತ್ತು, ತಿಳಿಯಿತು. ಹುಟ್ಟುಕುರುಡನಿಗೆ ಕೆಂಪು ಬಣ್ಣ ಹೇಗಿರುತ್ತದೆಂದು ಬರೀ ಮಾತಿನಿಂದ ತಿಳಿಸಲು ಸಾಧ್ಯವೇ ಎಂದು ನಾನು ಪರೀಕ್ಷೆಯಲ್ಲಿ ಪ್ರಶ್ನೆ ಕೊಡುತ್ತೇನೆ. ಸಾಧ್ಯವಿಲ್ಲ ಎಂದು ಬರೆದರೆ ಮಾರ್ಕ್ಸೂ ಕೊಡುತ್ತೇನೆ. ಈಗ ಆ ಕುರುಡಿ ನಾನು, ಮಾತಿನ ಹೊರತು ನನಗೆ ಬೇರೆ ದಾರಿಯಿಲ್ಲ.

ಮುಂದಿನ ವಾರ ಮತ್ತೆ ನಿಂತೆವು. "ನೋಡು, ಚೆನ್ನಾಗಿದ್ಯಾ ಇಲ್ವಾ ಅಂತ ಹೇಳ್ಬೇಡ," ಎಂದೆ. "ಮೂಸಿದ್ರೆ ಏನು ನೆನಪಾಗತ್ತೆ, ಅದನ್ನ ಹೇಳು."

ಕೊತ್ತಂಬರಿ ಬೀಜ ಬಿಸಿಯಾಗುತ್ತಿದ್ದಾಗ ಅವಳು ಕಣ್ಣು ಮುಚ್ಚಿದಳು. "ಹುಲ್ಲು. ಲಾನ್ ಕಟ್ ಮಾಡ್ತಾರಲ್ಲ, ಆ ಥರ." ಕೈಯಾಡಿಸುತ್ತಲೇ ಇದ್ದೆ. "ಈಗ ಹುಲ್ಲು ಹೋಯ್ತು. ಈಗ... ಲೈಬ್ರರಿ. ಹಳೆ ಬುಕ್ಸ್." ಬಾಣಲೆಯೊಳಗೆ ನೋಡಿದರೆ ಅಮ್ಮ ಇಳಿಸುತ್ತಿದ್ದ ಅದೇ ಬಣ್ಣ. ಒಲೆ ಆರಿಸಿದೆ.

ಮೆಂತ್ಯದ ಸರದಿ ಬಂತು. "ಮೆಡಿಸಿನ್," ಎಂದಳು ಮೊದಲು. "ಸ್ಟಿಲ್ ಮೆಡಿಸಿನ್." ಆಮೇಲೆ ಕಣ್ಣು ಅಗಲಿಸಿ ಕುಣಿದಳು. "ಅಮ್ಮ! ಪ್ಯಾನ್‌ಕೇಕ್! ಸಿರಪ್ ಹಾಕಿದ ಪ್ಯಾನ್‌ಕೇಕ್!"

ಇಷ್ಟು ವರ್ಷ ಈ ದೇಶದಲ್ಲಿ ಇದ್ದೇನೆ, ಮೂಗು ಚೆನ್ನಾಗಿದ್ದಾಗ ನನಗೆ ಒಂದು ದಿನವೂ ಇದು ಹೊಳೆದಿರಲಿಲ್ಲ. ಹುರಿದ ಮೆಂತ್ಯದೊಳಗೆ ಮೇಪಲ್ ಸಿರಪ್ ಇದೆಯಂತೆ. ನೋಡಿದೆ: ಮೆಂತ್ಯ ಆಗಷ್ಟೇ ಕೆಂಪಗೆ ತಿರುಗುತ್ತಿತ್ತು. ತಕ್ಷಣ ಇಳಿಸಿದೆ. ಅವಳ ಮೂಗಿಗೆ ಬರುವ ವಾಸನೆಯೂ ನನ್ನ ಮೂಗಿಗೆ ಬರುತ್ತಿದ್ದ ವಾಸನೆಯೂ ಒಂದೇ ಹೌದೋ ಅಲ್ಲವೋ, ಯಾವ ಮಹನೀಯನೂ ಹೇಳಲಾರ. ಆದರೆ ಮೆಂತ್ಯ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ತಿರುಗುತ್ತದೆ. ನನಗೆ ಅಷ್ಟು ಸಾಕಿತ್ತು. ಆಂಟಿಗೆ ಫೋನು ಮಾಡಿ, "ಹೋಟೆಲಿಗೆ ಹೇಳ್ಬೇಡಿ," ಎಂದೆ.

ಬೇಸಿಗೆಯೆಲ್ಲ ಹೀಗೆ ಸ್ವಲ್ಪ ಸ್ವಲ್ಪ ಹುರಿದು ಅಭ್ಯಾಸ ಮಾಡಿದೆವು. ಕೆಲವು ಸೀದುಹೋದವು, ಕೆಲವು ಹಸಿಯಾಗಿಯೇ ಉಳಿದವು; ಎಲ್ಲ ಕಸಕ್ಕೆ. ದಿನನಿತ್ಯದ ಸಾರಿಗೆ ಅಂಗಡಿಯ ಪುಡಿ ತಂದಿದ್ದೆ. ಇವರು ಅದನ್ನೂ "ಹೂಂ" ಎಂದು ಉಂಡರು. ಹಬ್ಬದ ಹಿಂದಿನ ಭಾನುವಾರ ನಿಧಿ ಮತ್ತು ನಾನು ನಿಜವಾದ ಪುಡಿ ಮಾಡಿದೆವು. ಹಬ್ಬಕ್ಕೆ ಮೊದಲು ಅದರ ಮುಚ್ಚಳ ತೆಗೆಯಕೂಡದು ಎಂದು ಎತ್ತಿಟ್ಟೆ. ಈ ಸಲ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇಟ್ಟೆ.

ಹಬ್ಬದ ದಿನ ನಿಧಿಯೇ ಡ್ರೈವ್ ಮಾಡಿದಳು, ಅವಳ ಪಕ್ಕ ಇವರು, ಹಿಂದೆ ಡಬ್ಬಿ ಹಿಡಿದು ನಾನು. ಸೇತುವೆ ದಾಟಿ ಆಂಟಿಯ ಮನೆ ಹೊಕ್ಕರೆ ಗೋಡೆಗಳೆಲ್ಲ ಬೋಳು, ಮೂಲೆಮೂಲೆಗೂ ರಟ್ಟಿನ ಪೆಟ್ಟಿಗೆಗಳು. ಒಂದು ಪೆಟ್ಟಿಗೆಯ ಮೇಲೆ ರೇಷ್ಮೆ ವಸ್ತ್ರ ಹಾಸಿ ಪುಟ್ಟ ಮಣ್ಣಿನ ಗಣೇಶನನ್ನು ಕೂರಿಸಿದ್ದರು. ಆಂಟಿ ಕಡುಬು ಕಟ್ಟುತ್ತ ಕೂತಿದ್ದರು. "ಬಂದ್ಯಾ? ಪಾತ್ರೆ ಒಂದು ಬಿಟ್ಟು ಎಲ್ಲ ಪ್ಯಾಕ್ ಆಗಿದೆ. ನಿನ್ನ ಸಾರಿನ ಪಾತ್ರೆ ಮಾತ್ರ ಇಟ್ಕೊಂಡಿದೀನಿ."

ಬೇಳೆ ಬೆಂದಿತು. ಹುಣಿಸೆಹಣ್ಣಿನ ರಸ, ಪುಡಿ, ಬೆಲ್ಲ, ಕರಿಬೇವು ಎಲ್ಲ ಬಿದ್ದು ಸಾರು ಕುದಿಯತೊಡಗಿತು. ಉಪ್ಪನ್ನು ಅಂದಾಜಿನಿಂದ ಹಾಕಿದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅದು ನನ್ನ ಮನೆಯ ಪಾತ್ರೆಯಲ್ಲ, ಒಲೆಯೂ ನನ್ನದಲ್ಲ, ಚಮಚ ಕೂಡ ಎರವಲು. ಪುಡಿ ಹುರಿಯುವುದನ್ನು ಅಭ್ಯಾಸ ಮಾಡಿದ್ದೆವು. ಉಪ್ಪನ್ನು ಮರೆತೇಬಿಟ್ಟಿದ್ದೆ.

"ನಿಧಿ, ಬಾ. ಉಪ್ಪು ನೋಡು."

"ನೋಡು ಅಂದ್ರೆ ಟೇಸ್ಟಾ?"

"ಮೂಸು."

"ಅಮ್ಮ, ಸಾಲ್ಟ್ ಡಸಂಟ್ ಸ್ಮೆಲ್. ದಟ್ಸ್ ಕೆಮಿಸ್ಟ್ರಿ." ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನಿನಗೆ ಉಪ್ಪು ಗೊತ್ತಾಗತ್ತಲ್ಲ ನಾಲಿಗೇಲಿ. ಜಸ್ಟ್ ಒನ್ ಡ್ರಾಪ್. ಯಾರೂ ನೋಡ್ತಿಲ್ಲ."

ಚಮಚ ಕೈಯಲ್ಲಿತ್ತು. ಅದನ್ನು ಸಾರಿನೊಳಗೆ ಅದ್ದಿಯೂಬಿಟ್ಟೆ. ಆಂಟಿ ಬೆನ್ನು ಹಾಕಿ ಕೂತು ಕಡುಬಿನ ಅಂಚು ಒತ್ತುತ್ತಿದ್ದರು. ಇಷ್ಟು ವರ್ಷ ಈ ಮನೆಯಲ್ಲಿ ಹಬ್ಬದ ಸಾರನ್ನು ನೈವೇದ್ಯಕ್ಕೆ ಮೊದಲು ನಾಲಿಗೆಗೆ ಸೋಕಿಸಿದವಳಲ್ಲ ನಾನು. ಕೊನೆಯ ಹಬ್ಬದ ದಿನ ಶುರುಮಾಡಲೇ? ಚಮಚವನ್ನು ಸಿಂಕಿಗೆ ಹಾಕಿದೆ.

"ಉಪ್ಪಿಗೆ ವಾಸನೆ ಇಲ್ಲ, ನನಗೂ ಗೊತ್ತು," ಎಂದೆ. "ಉಪ್ಪನ್ನ ಹುಡುಕ್ಬೇಡ. ಉಪ್ಪು ಬಿದ್ದ ಮೇಲೆ ಮಿಕ್ಕಿದ್ದೆಲ್ಲ ಹೇಗಿದೆ ನೋಡು."

ಅವಳು ಬಾಗಿದಳು. ಅಂಗೈಯಿಂದ ಹಬೆಯನ್ನು ಮೂಗಿನತ್ತ ಎಳೆದುಕೊಂಡಳು. ನಾನು ಹಾಗೆ ಮಾಡೆಂದು ಹೇಳಿಕೊಟ್ಟಿರಲಿಲ್ಲ. ಚಿಕ್ಕಂದಿನಿಂದ ನನ್ನನ್ನು ನೋಡಿದ್ದಾಳೆ, ಅಷ್ಟೇ.

"ಹುಣಿಸೆಹಣ್ಣು ಜೋರಾಗಿ ಕಿರುಚ್ತಿದೆ," ಎಂದಳು ನಿಧಾನಕ್ಕೆ. "ಬೇಳೆ ಈಸ್... ಹೈಡಿಂಗ್."

ಉಪ್ಪು ಕಡಿಮೆ. ಒಂದು ಚಿಟಿಕೆ ಹಾಕಿ ಕದಡಿದೆ. "ಈಗ?"

"ಇನ್ನೂ ಕಿರುಚ್ತಿದೆ. ಸ್ವಲ್ಪ ಕಮ್ಮಿ."

ಇನ್ನೊಂದು ಚಿಟಿಕೆ. ಅವಳು ಬಹಳ ಹೊತ್ತು ಬಾಗಿಯೇ ಇದ್ದಳು. ಕನ್ನಡಕದ ಮೇಲೆ ಹಬೆ ಕೂತಿತ್ತು.

"ಈಗ ಬೇಳೆ ಬಂತು ಅಮ್ಮ. ಈಗ ಯಾರೂ ಕಿರುಚ್ತಿಲ್ಲ."

"ಸಾಕು. ಆಫ್ ಮಾಡು," ಎಂದೆ. ಅಮ್ಮ "ಸಾಕು" ಎನ್ನುತ್ತಿದ್ದ ಅದೇ ದನಿ ನನ್ನ ಬಾಯಿಂದ ಬಂತು.

ನೈವೇದ್ಯವಾಯಿತು, ಮಂಗಳಾರತಿಯಾಯಿತು. ಪೆಟ್ಟಿಗೆಗಳ ನಡುವೆ ನೆಲದ ಮೇಲೆಯೇ ಎಲೆ ಹಾಕಿದೆವು. ಆಂಟಿಗೆ ಮಾತ್ರ ಒಂದು ಕುರ್ಚಿ, ಮುಂದೆ ಒಂದು ಪೆಟ್ಟಿಗೆ. ಅನ್ನದ ಮೇಲೆ ಸಾರು ಬಡಿಸಿ ಸೌಟು ಹಿಡಿದು ನಿಂತೆ. ಆಂಟಿ ಕಲಸಿ ಒಂದು ತುತ್ತು ತಿಂದರು. ಇನ್ನೊಂದು ತಿಂದರು.

"ಇದು ನಿನ್ನ ಸಾರಲ್ಲ ಕಾತ್ಯಾಯಿನಿ."

ನಿಧಿಯ ಮುಖ ಸಣ್ಣದಾಯಿತು. ನನ್ನ ಕೈಯಿಂದ ಸೌಟು ಜಾರುವುದೊಂದು ಬಾಕಿ.

"ನಿನ್ನ ಸಾರಲ್ಲಿ ಮೆಣಸು ಮುಂದೆ ಬಂದು ನಿಲ್ತಿತ್ತು, ಜಗಳಕ್ಕೆ ಬಂದ ಹಾಗೆ. ಥೇಟ್ ನಿನ್ನ ಥರ. ಇದರಲ್ಲಿ ಹಿಂದೆ ನಿಂತಿದೆ. ಇದು ನಿಧಿ ಸಾರು." ಎಲೆಯನ್ನು ನನ್ನತ್ತ ಸರಿಸಿದರು. "ಚೆನ್ನಾಗಿದೆ. ಇನ್ನೊಂದು ಸೌಟು ಹಾಕು."

"ಇಲ್ಲ ಆಂಟಿ."

ಯಾರು ಮಾತಾಡಿದ್ದು ಎಂದು ಎಲ್ಲರೂ ತಿರುಗಿ ನೋಡಿದೆವು. ಇವರು. ತುತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಇದು ಕಾತ್ಯಾಯಿನಿ ಸಾರೇ."

"ಹೇಗಪ್ಪ ಹೇಳ್ತೀಯ?" ಎಂದರು ಆಂಟಿ.

ಇವರು ಗಂಟಲಿನ ಹತ್ತಿರ ಬೆರಳಿಟ್ಟು ತೋರಿಸಿದರು. "ನುಂಗಿ ಆದ್ಮೇಲೆ ಇಲ್ಲಿ ಮೆಂತ್ಯ ಬರತ್ತೆ. ಒಂಚೂರು ಕಹಿ, ಅದರ ಹಿಂದೇನೇ ಸಿಹಿ ಥರ. ಬೇರೆ ಯಾರ ಮನೆ ಸಾರಲ್ಲೂ ಅದು ಬರಲ್ಲ. ಮದುವೆ ಆದಾಗಿಂದ ದಿನಾ ಬರ್ತಿತ್ತು. ಜನವರಿಯಿಂದ ಇರ್ಲಿಲ್ಲ." ತುತ್ತು ಬಾಯಿಗೆ ಹಾಕಿಕೊಂಡು ನುಂಗಿದರು. "ಇವತ್ತು ಬಂತು."

ಅಷ್ಟು ಉದ್ದದ ಮಾತನ್ನು ಇವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಅದು ತಲೆಗೆ ಹೋಗಲು ಒಂದು ಕ್ಷಣ ಹಿಡಿಯಿತು.

"ರೀ... ಜನವರಿಯಿಂದ ಅಂದ್ರಿ. ನಿಮಗೆ ಗೊತ್ತಿತ್ತಾ?"

"ಸಾರು ಉಂಡ್ರೆ ಗೊತ್ತಾಗಲ್ವಾ? ನೀನಾಗಿ ಹೇಳೋವರೆಗೂ ಕೇಳೋದು ಬೇಡ ಅನ್ನಿಸ್ತು."

"ಮತ್ತೆ ಅವತ್ತು ಸೀಗೆಪುಡಿ ಸಾರು? ನನಗೇ ಕೋವಿಡ್ ಬಂದಿರ್ಬೇಕು ಅಂದ್ರಲ್ಲ?"

"ಇನ್ನೇನು ಹೇಳ್ಲಿ, ಬಂದವರ ಮುಂದೆ," ಎಂದು ಇವರು ಎಲೆ ನೋಡಿಕೊಂಡರು.

ಅಯ್ಯೋ ದೇವರೇ! ಆ ನೊರೆ ಸಾರನ್ನು ಒಂದು ಹನಿ ಬಿಡದೆ ಕುಡಿದಿದ್ದರು ಈ ಪುಣ್ಯಾತ್ಮ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಮ್ಮನ ವಾಸನೆ ನನ್ನಿಂದ ಹೋಯಿತು, ಅದರ ಜೊತೆ ನಾನೂ ಹೋದೆ ಎಂದು ತಿಂಗಳುಗಟ್ಟಲೆ ಗೋಳಾಡಿದ್ದೆ. ನಾನು ಕಳೆದುಕೊಂಡದ್ದನ್ನು ಈ ಮನುಷ್ಯ ಪ್ರತಿ ದಿನದ "ಹೂಂ" ಒಳಗೆ ಜೋಪಾನವಾಗಿ ಇಟ್ಟುಕೊಂಡಿದ್ದ. ಮೂಸುವುದನ್ನು ನನ್ನ ಮಗಳು ನೋಡಿ ನೋಡಿಯೇ ಎತ್ತಿಟ್ಟುಕೊಂಡಿದ್ದಳು. ಹೊರಗಡೆ ಕಾಯುತ್ತ ಕೂತವರಿಗೆ ಗೊತ್ತಿರುತ್ತದೆ ಎಂದು ಆಂಟಿ ಹೇಳಿದಾಗ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

"ಥ್ಯಾಂಕ್ಸ್ ಆಂಟಿ," ಎಂದೆ. ಮೊದಲ ಸಲ.

"ಯಾಕೆ?"

"ಎಲ್ಲಕ್ಕೂ. ಕಾರು, ಹಿಮ, ಕಾಲೇಜು, ಎಲ್ಲಕ್ಕೂ."

ಆಂಟಿಯ ಗಲ್ಲ ಅದುರಿತು. "ಹುಚ್ಚಿ," ಎಂದರು. "ಸೌಟು ಹಿಡ್ಕೊಂಡು ಭಾಷಣ ಮಾಡ್ಬೇಡ. ಕೂತ್ಕೋ, ಊಟ ಮಾಡು."

ಕೂತೆ. ನಿಧಿ ಎದ್ದು ನನಗೆ ಬಡಿಸಿದಳು. ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡೆ. ವಾಸನೆ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಉಪ್ಪು ತಿಳಿಯಿತು, ಹುಳಿ ತಿಳಿಯಿತು, ಮಿಕ್ಕದ್ದೆಲ್ಲ ಬಿಸಿನೀರು. ಉಪ್ಪು ಮಾತ್ರ ಎಷ್ಟು ಬೇಕೋ ಅಷ್ಟೇ ಇತ್ತು.

"ರೀ, ಇನ್ನೊಂದ್ಸಲ ಹೇಳಿ," ಎಂದೆ. "ನಿಧಿ, ನೀನೂ ಹೇಳು. ನಿಧಾನಕ್ಕೆ."

ನಿಧಿ ತನ್ನ ಎಲೆಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತು, ನನ್ನ ಜೊತೆಗೇ ಒಂದು ತುತ್ತು ತಿಂದಳು. "ಈಗ ಹುಣಿಸೆಹಣ್ಣು," ಎಂದಳು. "ಈಗ ಲೈಬ್ರರಿ. ಈಗ ಮೆಣಸು, ಹಿಂದೆ ಇದೆ."

ನಾನು ನುಂಗಿದೆ.

"ಈಗ," ಎಂದರು ಇವರು.